ಸ್ಲೈಡಿನ ಕೆಳಗೆ

ಶನಿವಾರ. ಸೋಹಾರಿಗೆಲ್ಲ ರಜೆ,
ನಮಗಲ್ಲ. ಮೇಷ್ಟ್ರುಗಳಿಗೂ ಒಂದು ದಿನ
ಬೆಂಚಿನ ಮೇಲೆ ಕೂರುವ ಶಿಕ್ಷೆ:
‘ಬೋಧನೆಯಲ್ಲಿ ತಂತ್ರಜ್ಞಾನ’, ತಲಾ ಹನ್ನೆರಡು ನಿಮಿಷ,
ನಡುವೆ ಕರಕ್ ಚಹಾ, ತಣ್ಣಗಾದ ಸಮೋಸ.

ಹೊರಗೆ ನಲವತ್ತಾರು ಡಿಗ್ರಿ.
ಒಳಗೆ ತಮಿಳ್‌ಸೆಲ್ವಿ ಸ್ವೆಟರ್ ತೊಟ್ಟು
ಪರದೆಯ ಮೇಲೆ ತ್ರಿಕೋನ ತಿರುಗಿಸಿದಳು.
ತಿರುಗಿತು. ಚಪ್ಪಾಳೆ.
ಇತಿಹಾಸದ ರಫೀಕುದ್ದೀನರ ವಿಡಿಯೊ
ಮಧ್ಯದಲ್ಲೇ ಸುತ್ತತೊಡಗಿ, ಒಂದು ಸಾಮ್ರಾಜ್ಯ
ಏಳಲೂ ಆರದೆ ಬೀಳಲೂ ಆರದೆ
ನಿಂತೇಬಿಟ್ಟಿತು. ಅದಕ್ಕೂ ಚಪ್ಪಾಳೆ.

ನನ್ನ ಸರದಿ ಐದನೆಯದು. ಆಮ್ಲ, ಪ್ರತ್ಯಾಮ್ಲ.
ಸ್ಲೈಡು ನನ್ನದಲ್ಲ, ಮೊದಲೇ ಹೇಳಿಬಿಡುತ್ತೇನೆ.
ಶೋಶಮ್ಮ ಟೀಚರ್ ಕೊಟ್ಟದ್ದು,
ಅವರಿಗೆ ಬುರೈಮಿಯ ಯಾರೋ,
ಆ ಯಾರಿಗೋ ಕುವೈತಿನ ಯಾರದೋ ನಾದಿನಿ,
ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ
ನೆರೆಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದ ಹಾಗೆ.
ಎಲ್ಲರೂ ಮೊದಲ ಸ್ಲೈಡಿನಲ್ಲಿ ತಮ್ಮ ಹೆಸರು ಹಾಕಿಕೊಂಡರು.
ಕೊನೆಯ ‘ಧನ್ಯವಾದ’ದ ಗುಲಾಬಿಯನ್ನು
ಯಾರೂ ಬದಲಿಸಲಿಲ್ಲ.

ಹಿಂದಿನ ರಾತ್ರಿ, ಕಿಟಕಿಯಲ್ಲಿ ಬಂದರಿನ ಕ್ರೇನುಗಳ ದೀಪ,
ನಾನೂ ಹೆಸರು ಬದಲಿಸಲೆಂದೇ ತೆರೆದದ್ದು.
ಏನನ್ನೋ ಒತ್ತಲು ಹೋಗಿ ಏನನ್ನೋ ಒತ್ತಿ
ಸ್ಲೈಡಿನ ಕೆಳಗೆ, ಸಭೆಗೆ ಕಾಣದ
ಆ ಬಿಳಿ ಪಟ್ಟಿ ಬಿಚ್ಚಿಕೊಂಡಿತು.
ಅಲ್ಲಿ ಕನ್ನಡ.

ಮೇಲೆಲ್ಲ ಇಂಗ್ಲಿಷು, ಬಾಣ, ಬಣ್ಣದ ಬೀಕರು.
ಕೆಳಗೆ ಹಿತ್ತಿಲ ಬಾಗಿಲಲ್ಲಿ ನಿಂತು ಆಡುವ ದನಿ:
“ಇಲ್ಲಿ ಓಡಬೇಡ ಮಾರಾಯ್ತಿ, ನೀರು ಕುಡಿ.”
“ಎಡಗಡೆಯ ಹುಡುಗಿಯರನ್ನೂ ಕೇಳು.”
ಒಂಬತ್ತನೆಯದಕ್ಕೆ:
“ಸಿನಾನನಿಗೆ ಕೆಂಪೂ ಹಸಿರೂ ಒಂದೇ.
ಯಾರಿಗೂ ಹೇಳಿಲ್ಲ, ಪಕ್ಕದವನ ಪುಸ್ತಕ ನೋಡಿ ಬರೆಯುತ್ತಾನೆ.
ಈ ಪಟ್ಟಿಯ ಅರ್ಧ ಅವನಿಗೆ ಬರೀ ಮಣ್ಣುಬಣ್ಣ.
ಈರುಳ್ಳಿ ತಗೊಂಡು ಹೋಗು.
ಕ್ಷಾರ ಬಿದ್ದರೆ ಅದರ ವಾಸನೆ ಸಾಯುತ್ತದೆ, ಹುಳಿಗೆ ಸಾಯುವುದಿಲ್ಲ.
ಎಲ್ಲರಿಗೂ ಮೂಗಿನಿಂದಲೇ ಮಾಡಿಸು.
ಅವನೊಬ್ಬನಿಗೇ ಮಾಡಿಸಬೇಡ.”

ಕಡತದ ಒಡಲಲ್ಲಿ ಹುಡುಕಿದೆ. ಕರ್ತೃ: ವಿಮಲಾಕ್ಷಿ ಕೆ.
ಹನ್ನೆರಡು ವರ್ಷ ಹಳತು. ಊರಿಲ್ಲ, ಶಾಲೆಯಿಲ್ಲ.
ಶೋಶಮ್ಮರಿಗೆ ಫೋನು ಮಾಡಿದರೆ
“ಅಯ್ಯೋ ಅದಾ? ಫಾಂಟು ಕೆಟ್ಟಿದೆ ಅಂದುಕೊಂಡಿದ್ದೆ.
ಅಳಿಸೋಕೂ ಸೋಮಾರಿತನ.”
ಸೋಮಾರಿತನವೇ, ನಿನಗೊಂದು ನಮಸ್ಕಾರ.
ಹಳೇ ದುಪಟ್ಟಾ ಹರಿದೆ, ಈರುಳ್ಳಿ ಹೆಚ್ಚಿದೆ,
ಎರಡನ್ನೂ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮಲಗಿದೆ.

ಹೀಗಾಗಿ ಒಂಬತ್ತನೆಯ ಸ್ಲೈಡಿಗೆ ಪ್ರೊಜೆಕ್ಟರ್ ಆರಿಸಿದೆ.
ಮಸ್ಕತಿನಿಂದ ಬಂದಿದ್ದ ತರಬೇತುದಾರರು ಗಡಿಯಾರ ನೋಡಿದರು.
ಅವರ ಅಂಕಪಟ್ಟಿಯಲ್ಲಿ ಮೂಗಿಗೆ ಕಾಲಮ್ ಇರಲಿಲ್ಲ.
ಬಟ್ಟೆಚೂರು ಕೈಯಿಂದ ಕೈಗೆ ಹೋಯಿತು.
ಗಣಿತ ಮೂಸಿತು. ಇತಿಹಾಸ ಮೂಸಿ ಕಣ್ಣೊರೆಸಿಕೊಂಡಿತು.
“ಇದರಲ್ಲಿ ಏನೂ ಇಲ್ಲವಲ್ಲ” ಎಂದು ಡ್ರಿಲ್ ಮಾಸ್ಟರು
ಒಂದು ಚೂರನ್ನು ತಿರುಗಿಸಿ ತಿರುಗಿಸಿ
ಹಿಂದಿರುಗಿಸಲೇ ಇಲ್ಲ.

“ಶೇರ್ ಮಾಡಿ, ಶೇರ್ ಮಾಡಿ,” ಸುತ್ತ ಹದಿನಾಲ್ಕು ಮಂದಿ.
ಕೊಡುವ ಮೊದಲು ಅವಳ ಟಿಪ್ಪಣಿಯ ಕೆಳಗೆ
ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಬರೆದೆ:
ಎಷ್ಟು ಈರುಳ್ಳಿ, ಎಷ್ಟು ಹೊತ್ತು, ಎಷ್ಟು ಹನಿ.
ಹುಡುಗನ ಹೆಸರನ್ನು ಮಾತ್ರ ಆಚೆ ದಾಟಿಸಲಿಲ್ಲ.
ಅವನು ಯಾರಿಗೂ ಹೇಳಿರಲಿಲ್ಲ.

ಮೊದಲ ಸ್ಲೈಡಿಗೆ ಅವಳ ಹೆಸರು.
ಅದರ ಕೆಳಗೆ ನನ್ನದು, ಸಣ್ಣಗೆ. ಹಾಕಿದೆ, ಸುಳ್ಳೇಕೆ.
ಕೊನೆಯ ಗುಲಾಬಿಯ ಅಡಿ ಪಟ್ಟಿ ಖಾಲಿಯಿತ್ತು,
ಅಲ್ಲಿ ಕನ್ನಡದಲ್ಲಿ:
“ವಿಮಲಾಕ್ಷಿ, ಸಿನಾನನಿಗೆ ಈಗ ಮೀಸೆ ಬಂದಿರಬೇಕು.
ಸಿಗ್ನಲ್ಲಿನಲ್ಲಿ ಮೇಲಿನ ದೀಪ ಕೆಂಪು ಅಂತ
ಯಾರಾದರೂ ಹೇಳಿಕೊಟ್ಟರಾ?”