ನಾಲ್ಕು ಡಿಗ್ರಿ

ಗೋಡೆಯ ಪೆಟ್ಟಿಗೆ ಹೇಳುತ್ತಿತ್ತು: ನಾಲ್ಕು.
ಸಾವಕಾರ್ರ ಮೊಬೈಲೂ ಹೇಳುತ್ತಿತ್ತು: ನಾಲ್ಕು.
ಹುಬ್ಬಳ್ಳಿ ವಿದ್ಯಾನಗರದ ನನ್ನ ಖೋಲಿಯೊಳಗೆ
ಪರದೆಯ ಮೇಲೆ ಹಸಿರಾಗಿ ಅದೇ ನಾಲ್ಕು.
ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಫಕೀರವ್ವನೊಬ್ಬಳೇ
ಚೀಲದ ಬಾಯಿಗೆ ಮೊಣಕೈತನಕ ಕೈ ಹಾಕಿ
‘ಬೆವರಾಕತ್ತಾವ್ರೀ ಕಾಯಿ’ ಅಂದಳಂತೆ.

ಯಾರು ಕೇಳಬೇಕು? ಮಷೀನ್ ಸುಳ್ಳು ಹೇಳತೈತೇನು?
ಅವಳು ತುಂಬು ಬಿಡಿಸುವವಳು,
ಮೂವತ್ತು ವರ್ಷದಿಂದ ಉಗುರಿನ ಬುಡ ಕೆಂಪು.
ಮೂರನೇ ದಿನ ಬೂಷ್ಟಿನ ವಾಸನೆ ಬಾಗಿಲಾಚೆ ಬಂದಾಗ
ಸಾವಕಾರ್ರು ಫೋನು ಹಚ್ಚಿದರು:
‘ದಾವಲಸಾಬ್, ಲಗೂನ ಬಾರಪ್ಪಾ.’

ಏಣಿ ಹತ್ತಿದೆ, ಡಬ್ಬಿ ಬಿಚ್ಚಿದೆ, ಲ್ಯಾಪ್‌ಟಾಪು ತೊಡೆಯ ಮೇಲೆ.
ಗೇಟಿನ ಕ್ಯಾಮೆರಾದೊಳಗಿಂದ ಯಾವನೋ ನುಗ್ಗಿದ್ದ.
ಅಲ್ಲಿಂದ ರೌಟರಿಗೆ, ರೌಟರಿನಿಂದ ಕೋಣೆಕೋಣೆಗೆ,
ಮದುವೆ ಮನೆಯಲ್ಲಿ ಎರಡೂ ಕಡೆಗೆ ಬೀಗ ಅನ್ನಿಸಿಕೊಂಡು
ಉಂಡುಹೋಗುವವನ ಹಾಗೆ. ತಡೆದವರಿಲ್ಲ.
ಥರ್ಮಾಮೀಟರಿನ ಬಾಯಿಗೆ ಒಂದೇ ಮಾತು ಕಲಿಸಿ,
ಕಂಪ್ರೆಸರನ್ನು ತಟ್ಟಿ ಮಲಗಿಸಿ,
ಲೆಕ್ಕದ ಕೋಣೆಯ ಪ್ರಿಂಟರಿನಿಂದ ಇಂಗ್ಲಿಷಿನ ಹಾಳೆಯೊಂದನ್ನು ತಳ್ಳಿದ್ದ:
ಇಷ್ಟು ಕೊಡಿ, ಇಲ್ಲವೇ ಉಳಿದದ್ದೂ ಹೋಗುತ್ತದೆ.
ಗುಮಾಸ್ತ ಅದನ್ನು ಜಾಹೀರಾತು ಅಂದುಕೊಂಡು
ಅದರ ಮೇಲೆ ಮಿರ್ಚಿ ಇಟ್ಟುಕೊಂಡು ತಿಂದಿದ್ದ.
ಯಾವ ದೇಶದವನೋ.
ಡಬ್ಬಿಗೂ ಕಡ್ಡಿಗೂ ಭೇದ ಗೊತ್ತಿಲ್ಲದವ.

ಕೀಲಿ ಮುರಿದ ಗುರುತು ಹುಡುಕಿದೆ. ಇರಲಿಲ್ಲ.
ಅಡ್ಮಿನ್. ಒಂದು ಎರಡು ಮೂರು ನಾಲ್ಕು.
ಕಾರ್ಖಾನೆಯಿಂದ ಬರುವಾಗ ಪೆಟ್ಟಿಗೆಯ ಬೆನ್ನಿಗೆ ಅಂಟಿಸಿ ಕಳಿಸಿದ್ದು,
ಊರೂರಿನ ಗೋದಾಮಿಗೆಲ್ಲ ಅದೇ ಬೀಗದಕೈ.
ಎರಡು ವರ್ಷದ ಕೆಳಗೆ ಇದೇ ಏಣಿ ಹತ್ತಿ
ಆ ಕ್ಯಾಮೆರಾ ಹಚ್ಚಿದವ ನಾನು.
ಅವತ್ತು ರಾಣೆಬೆನ್ನೂರಿನಲ್ಲಿ ಇನ್ನೊಂದು ಕೆಲಸವಿತ್ತು, ಬಸ್ಸು ನಿಂತಿತ್ತು,
ನಾಳೆ ಬಂದು ಬದಲಿಸಿದರಾಯಿತು ಅಂದುಕೊಂಡಿದ್ದೆ.

ಆ ನಾಳೆಯನ್ನು ರಾತ್ರಿಯಿಡೀ ಮಾಡಿದೆ.
ಕ್ಯಾಮೆರಾಗಳಿಗೆ ಬೇರೆ ಓಣಿ, ಥಂಡಿ ಯಂತ್ರಕ್ಕೆ ಬೇರೆ,
ಲೆಕ್ಕದ ಕಂಪ್ಯೂಟರಿಗೆ ಮೂರನೆಯದು,
ಓಣಿ ಓಣಿಯ ನಡುವೆ ಗೋಡೆ.
ಲಾರಿ ಡ್ರೈವರುಗಳಿಗಂತ ಸೀಮೆಸುಣ್ಣದಲ್ಲಿ ಬರೆದಿದ್ದ
ವೈಫೈ ಪಾಸ್‌ವರ್ಡನ್ನು ಒದ್ದೆ ಅರಿವೆಯಿಂದ ಒರೆಸಿದೆ.
ಹೊಸದಕ್ಕೆ ಕಾರಿನ ನಂಬರು ಇಡು ಅಂದರು ಸಾವಕಾರ್ರು.
‘ಅದನ್ನ ಕಾರಿನ ಹಿಂದ ಬರಿಸೀರಲ್ರೀ’ ಅಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದು, ನಕ್ಕರು.
ಅಂಗಳದಲ್ಲಿ ನಾಲ್ಕುನೂರ ಹನ್ನೆರಡು ಚೀಲ
ಸುರಿದು ಬಿದ್ದಿತ್ತು. ನಗು ನಿಂತಿತು.

ಬೆಳಗಿನ ಜಾವ ಫಕೀರವ್ವ ಬಂದಳು.
ಪರದೆಯ ಕಡೆ ನೋಡಲಿಲ್ಲ. ಸೆರಗು ಸಿಗಿಸಿ
ಸಾಲಿಗೊಂದು ಚೀಲಕ್ಕೆ ಕೈ ಹಾಕುತ್ತ ಹೋದಳು.
ನನ್ನ ಕೈಯನ್ನೂ ಹಿಡಿದು ಒಳಗೆ ತೂರಿಸಿದಳು:
‘ಹಿಂಗಿರಬೇಕು. ತಣ್ಣಗ. ಅಳ್ಳಾಡಿಸಿದ್ರ ಸಪ್ಪಳಾ ಮಾಡಬೇಕು.’
ಬೀಜಗಳು ಗಿಲಕಿಯ ಹಾಗೆ ಸದ್ದು ಮಾಡಿದವು.
ದಿನಾ ಮುಂಜಾನೆ ಇವಳ ಕೈ ಹೇಳಿದ್ದನ್ನೂ ಬರೆದಿಡಿ ಅಂತ
ರಿಜಿಸ್ಟರಿನಲ್ಲಿ ಒಂದು ಗೀಟು ಎಳೆದುಕೊಟ್ಟೆ.
ಕ್ಯಾಮೆರಾ ಹಚ್ಚಿದ ದಿನದ ಸಂಗತಿ ಬಾಯಿತನಕ ಬಂತು.
‘ಬಿಲ್ಲು ಎಷ್ಟಾತೋ?’ ಅಂದರು ಸಾವಕಾರ್ರು.
‘ಇರಲಿ ಬಿಡ್ರೀ’ ಅಂದೆ.
ಒಳ್ಳೆ ಮನುಷ್ಯ ಅಂದರು.

ಬಸ್ಸಿನಲ್ಲಿ ಆ ಕೈಯಿಂದಲೇ ಕಣ್ಣು ಉಜ್ಜಿಕೊಂಡುಬಿಟ್ಟೆ.
ಬಂಕಾಪುರ ದಾಟಿದರೂ ನೀರು ನಿಲ್ಲಲಿಲ್ಲ.
‘ಯಾಕ್ರೀ ಸರ?’ ಅಂದ ಕಂಡಕ್ಟರ್.
‘ಮೆಣಸಿನಕಾಯಿ ಮುಟ್ಟಿದ್ದೆ, ಬ್ಯಾಡಗೀದು.’
‘ಬ್ಯಾಡಗಿ ಕಾಯಿಗೆ ಅಷ್ಟು ಖಾರ ಎಲ್ಲೈತ್ರೀ’ ಅನ್ನುತ್ತ
ಟಿಕೇಟು ಹರಿದು ಕೊಟ್ಟ.