ಬಾಯಿ ಮುಚ್ಚಿ ನಗುವ ಮನೆ

ಅತ್ತೆ ಬಾವಿಗೆ ಬಾಯಿ ಅನ್ನುತ್ತಾರೆ.
'ಬಾಯಿ ಹತ್ರ ಹೋಗಿ ಬಾ' ಅಂದಾಗ, ಹೊಸದರಲ್ಲಿ,
ಯಾರ ಬಾಯಿ ಎಂದು ತಬ್ಬಿಬ್ಬಾಗಿದ್ದೆ.
ರೊಳ್ಳದ ಈಚೆಯ ಈ ಊರಿಗೆ ಬಂದು ಹನ್ನೊಂದು ವರ್ಷ.
ಬಸ್ಸಿನ ಬೋರ್ಡು ತೆಲುಗು, ಬೈಗುಳ ಕನ್ನಡ,
ದುಡ್ಡು ಎಣಿಸುವಾಗ ಎರಡೂ.

ಹತ್ತಾಳುದ್ದದ ಬಾವಿ. ಮಾವನ ಅಪ್ಪ ಜುಂಜಣ್ಣ
ಬಂಡೆ ಸಿಡಿಸಿ ತೆಗೆಸಿದ್ದು.
ಉಪ್ಪಿಲ್ಲ, ವಾಸನೆಯಿಲ್ಲ,
ತೊಗರಿಬೇಳೆ ಎರಡೇ ಕುದಿಗೆ ಒಡೆಯುತ್ತದೆ.
ಬೀಗರು ಬಂದರೆ ಮೊದಲು ಚೊಂಬು, ಆಮೇಲೆ ಮಾತು.
ನಾದಿನಿಯನ್ನು ನೋಡಲು ಬಂದವರು
ನೀರನ್ನು ಮನಸಾರೆ ಹೊಗಳಿದರಂತೆ,
ಹುಡುಗಿಯ ವಿಷಯ ತಿಳಿಸ್ತೀವಿ ಅಂದರಂತೆ.

ನಮ್ಮ ಮದುವೆಯ ಆಲ್ಬಮ್ಮಿನಲ್ಲಿ
ಹಲ್ಲು ಬಿಟ್ಟವಳು ನಾನೊಬ್ಬಳೇ.
ಉಳಿದವರೆಲ್ಲ ತುಟಿ ಬಿಗಿದು ನಿಂತಿದ್ದಾರೆ ಸಾಲಾಗಿ,
ಕೋರ್ಟಿಗೆ ಕರೆಸಿದ ಸಾಕ್ಷಿಗಳ ಹಾಗೆ.
ಮನೆತನದ ಗಾಂಭೀರ್ಯ ಅಂದುಕೊಂಡೆ.
ಅತ್ತೆ ಇದೇ ಬೀದಿಯ ಹುಡುಗಿ; ನಗು ಬಂದರೆ ಸೆರಗು ಹುಡುಕುತ್ತಾರೆ.
ತಿಪ್ಪೇಶ ಕೆಮ್ಮು ಬಂದವನಂತೆ ಅಂಗೈ ಅಡ್ಡ ಹಿಡಿಯುತ್ತಾನೆ.
ಸೊಸೆಯಲ್ಲವೇ, ನಾನೂ ಕಲಿತೆ.

ಓಬುಲೇಸು ಬಂದದ್ದು ಶಾಲೆಯ ಅಂಗಳಕ್ಕೆ, ಪುಟ್ಟ ಪೆಟ್ಟಿಗೆ ಹಿಡಿದು.
'ಮನೆಮನೆ ನೀರು ತನ್ನಿ,
ಬಾಟ್ಲಿ ಅದೇ ನೀರಲ್ಲಿ ಮೂರು ಸಲ ತೊಳೆದು.'
ನಾನು ಐದು ಸಲ ತೊಳೆದೆ.
ಬೋರಿನವರು ನೋಡಲಿ ಎಂದು
ಸಾಲಿನಲ್ಲಿ ಮುಂದೆ ನಿಂತೆ.

ಗಾಜಿನ ನಳಿಗೆಗೆ ನೀರು, ಮೇಲೆ ನಾಲ್ಕು ಹನಿ ಕೆಂಪು ಮದ್ದು.
ಗುಲಾಬಿ ನಿಂತರೆ ಕುಡಿಯಬಹುದು.
ನಮ್ಮದು ನಿಲ್ಲಲಿಲ್ಲ.
ಮದುವೆಯ ಹಿಂದಿನ ದಿನ ಮೈಮೇಲೆ ಸುರಿದಿದ್ದರಲ್ಲ,
ಆ ಅರಿಶಿನದ ನೀರು, ಅದೇ ಬಣ್ಣ.

'ಯಾರು ಬೆರೆಸಿದ್ದು?'
'ಎವರೂ ಕಾದಮ್ಮಾ' ಅಂದವನು ಕನ್ನಡಕ್ಕೆ ಹೊರಳಿದ:
'ಬಂಡೆಯೇ ಬಿಡ್ತದೆ. ಫ್ಲೋರೈಡು.
ಒಂದೂವರೆ ದಾಟಬಾರದು. ನಿಮ್ದು ಮೂರರ ಮೇಲೆ.'
'ಮಗೂಗೆ ಕಾಯಿಸಿಯೇ ಕೊಡ್ತೀನಿ.'
ಅವನು ಪುಸ್ತಕದಿಂದ ತಲೆ ಎತ್ತಲಿಲ್ಲ.
'ಕಾಯಿಸಿದ್ರೆ ನೀರು ಹೋಗ್ತದೆ, ಅದು ಉಳೀತದೆ.'

ಕಲ್ಲು ನೀರು ಕರಗೋ ಹೊತ್ತು ಅನ್ನುತ್ತಾರೆ ನಡುರಾತ್ರಿಗೆ.
ಆ ಹೊತ್ತಿನಲ್ಲಿ ಹಿತ್ತಲಿನ ಕಟ್ಟೆಗೆ ಒರಗಿ
ಕಿವಿಗೊಟ್ಟು ನಿಂತೆ.
ಒಂದು ಕಪ್ಪೆ, ಅಷ್ಟೇ.
ಕೆಳಗೆ ಕಲ್ಲು ಕರಗುತ್ತಲೇ ಇತ್ತು,
ಜುಂಜಣ್ಣನ ಮೊದಲ ಕೊಡದಿಂದ,
ಯಾರ ಮೇಲೂ ಸಿಟ್ಟಿಲ್ಲದೆ.

ಈಗ ಕುಡಿಯಲು ಅಗಳಿಯಿಂದ ಕ್ಯಾನು, ದಿನ ಬಿಟ್ಟು ದಿನ.
ಬಾವಿ ಪಾತ್ರೆಗೆ, ಬಟ್ಟೆಗೆ.
ತೆಲುಗಿನ ಚೀಟಿಯನ್ನು ಅತ್ತೆ ತಿರುಗಿಸಿ ಮುರುಗಿಸಿ ನೋಡಿ ಕೇಳಿದರು:
'ಹಂಗಾರೆ ನಿಮ್ಮಾವ ಸಿಡುಕ ಅಲ್ವೇನೇ?'
ನನಗೇನು ಗೊತ್ತು.
'ನಗ್ತಿದ್ರು ಕಣೆ,' ಅಂದರು ಸ್ವಲ್ಪ ಹೊತ್ತಿನ ಮೇಲೆ,
'ದೀಪ ಆರಿಸಿದ ಮೇಲೆ.'

ಮಾನ್ಯಳಿಗೆ ಆರು. ಮುಂದಿನ ಹಾಲುಹಲ್ಲು ಮೊನ್ನೆ ಬಿತ್ತು,
ಸಗಣಿಯಲ್ಲಿಟ್ಟು ಮಾಳಿಗೆಗೆ ಎಸೆದಳು.
ಆ ಕಿಂಡಿ ತೋರಿಸಿಕೊಂಡೇ ಬೀದಿಯೆಲ್ಲ ನಗುತ್ತಾಳೆ.
ನಿನ್ನೆ ಅತ್ತೆಯ ಕೈ ಅವಳ ಬಾಯಿಗೆ ಅಡ್ಡ ಹೋಗಿ,
ಅಲ್ಲೇ ತಡೆದು, ಜಡೆ ಸರಿಮಾಡಿ ಬಂತು.

ಹೊಸ ಹಲ್ಲು ವಸಡಿನೊಳಗೆ ಎಂದೋ ತಯಾರಾಗಿರುತ್ತದಂತೆ,
ಬಣ್ಣ ಸಮೇತ.
ನಾನು ಕಾಯಿಸಿ, ಆರಿಸಿ,
ಬೆಳ್ಳಿ ಲೋಟದಲ್ಲಿ ಕೊಟ್ಟದ್ದರ ಬಣ್ಣ.
ಅವಳು ಮಲಗಿದ ಮೇಲೆ ಟಾರ್ಚು ಹಾಕಿ
ತುಟಿ ಸರಿಸಿ ನೋಡುತ್ತೇನೆ.
ಸದ್ಯಕ್ಕೆ ಗುಲಾಬಿ.