ಹದಿನಾಲ್ಕು ಸೂಜಿ

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ,
ದಿನಕ್ಕೊಂದು, ಅಜ್ಜರಕಾಡಿನ ದೊಡ್ಡಾಸ್ಪತ್ರೆಯಲ್ಲಿ.
ನನಗಾಗ ಏಳು ವರ್ಷ.
ಕಚ್ಚಿದ್ದು ಹೋಟೆಲಿನ ಹಿತ್ತಿಲ ಕಂದು ಹೆಣ್ಣುನಾಯಿ,
ತಪ್ಪು ನನ್ನದೇ: ಕಣ್ಣು ಬಿಡದ ಮರಿಯನ್ನು
ಲಂಗದಲ್ಲಿ ಕಟ್ಟಿಕೊಂಡು ಓಡಿದ್ದೆ.
ಹದಿನೈದನೆಯ ದಿನ ಅಮ್ಮ ನನ್ನನ್ನು ಹುಡುಕಿದ್ದು
ಅದೇ ಹಿತ್ತಿಲಲ್ಲಿ. ಸಿಕ್ಕಿದೆ. ಪೆಟ್ಟೂ ಸಿಕ್ಕಿತು.

ಬಿಕಾಂ ಎರಡನೇ ಸಲ ಬರೆದು ಕೂತಿದ್ದಾಗ
ಪಿಗ್ಮಿ ಏಜೆಂಟ್ ದೂಮಪ್ಪ ಸಾಲಿಯಾನರು
ಚಿಟ್ಪಾಡಿಯ ಒಂದು ಗೇಟು ಹಾರಿ ಕಾಲು ಮುರಿದುಕೊಂಡರು.
"ಆ ಲೈನಿಗೆ ಯಾರೂ ಒಪ್ಪುವುದಿಲ್ಲ," ಎಂದರು ಮ್ಯಾನೇಜರು,
"ಮನೆಗೊಂದು ನಾಯಿ."
ನಾನು ಕೈ ಎತ್ತಿದೆ.
ಕಮಿಷನ್ ಎಷ್ಟೆಂದು ಕೇಳಲು ಮರೆತದ್ದು
ಮನೆಗೆ ಬಂದ ಮೇಲೆ ನೆನಪಾಯಿತು.

ಮೂವತ್ತೊಂದು ವರ್ಷ.
ನೀಲಿ ರೆಕ್ಸಿನ್ ಚೀಲ, ಕೊಡೆ, ರಶೀದಿ ಪುಸ್ತಕ,
ಹೊರಜೇಬಿನಲ್ಲಿ ಬ್ರೆಡ್ಡಿನ ಅಂಚು,
ಬೀಡಿನಗುಡ್ಡೆಯ ಬೇಕರಿಯವ ಕತ್ತರಿಸಿ ಎಸೆಯುವುದು.
ಖಾತೆ ನಂಬರಿನ ಪಕ್ಕ ಪೆನ್ಸಿಲಿನಲ್ಲಿ ನನ್ನದೇ ಲೆಕ್ಕ:
೪೧೨, ಪಾಂಡು. ಎಡಗಿವಿ ಕೇಳುವುದಿಲ್ಲ.
೪೧೩, ರೋಜಿ. ಕೊಡೆ ಕಂಡರೆ ಆಗುವುದಿಲ್ಲ, ಮಡಚಿ ಹೋಗು.
೪೧೭, ನಾಯಿ ಇಲ್ಲ. ಬೇಗ ಹೊರಡು.

ಕಡಿಯಾಳಿಯ ಜಲಜಾಕ್ಷಿ ಟೀಚರು
ದಿನಕ್ಕೆ ಹತ್ತು ರೂಪಾಯಿ ಕಟ್ಟುತ್ತಿದ್ದರು;
ಖಾತೆ ಬ್ರೂನೋನ ಹೆಸರಲ್ಲೇ ಬೇಕೆಂದು ಹಠ.
"ಸಹಿ ಯಾರು ಮಾಡುವುದು?" ಎಂದರು ಮ್ಯಾನೇಜರು.
ಬ್ರೂನೋ ಹೋಗಿ ನಾಲ್ಕು ವರ್ಷವಾಯಿತು.
"ನಾಯಿ ಇದೆ ಎಚ್ಚರಿಕೆ" ಬೋರ್ಡು ಗೇಟಿನಲ್ಲಿ ಉಂಟು.
ನಾನೂ ಹೊರಗೆ ನಿಂತು
"ಕಟ್ಟಿ ಹಾಕಿದ್ದೀರಾ ಟೀಚರೇ?"
ಎಂದು ಕೇಳಿಯೇ ಒಳಗೆ ಹೋಗುವುದು.

ಕಿನ್ನಿಮುಲ್ಕಿಯಲ್ಲಿ ಪಂಕ್ಚರ್ ಹಾಕುವ ವಿಶ್ವನಾಥ
ಐದು ರೂಪಾಯಿಯವ. ಅವನ ಮೂರು ಕಾಲಿನ ಕಾಳ
ನನ್ನ ಚಪ್ಪಲಿಯ ಸದ್ದಿಗೆ ತಿರುವಿನವರೆಗೆ ಬರುತ್ತಿತ್ತು.
ಒಂದು ದಿನ ಜ್ವರ, ಹೋಗಲಿಲ್ಲ.
ಮರುದಿನ ಹತ್ತರ ನೋಟು ಕೊಟ್ಟು
"ನಿನ್ನೆಯದ್ದೂ ಸೇರಿ," ಎಂದ, "ಊಟ ಮಾಡಲಿಲ್ಲ."
ಯಾರು ಎಂದು ನಾನು ಕೇಳಲಿಲ್ಲ.
ಮದುವೆಯ ಫೋಟೋದಲ್ಲಿ, ಅವನ ಪಂಚೆಯ ಅಂಚಿಗೆ,
ಒಂದು ಕಪ್ಪು ಬಾಲ ಉಂಟು.

ಆರು ಬಾಡಿಗೆ ಮನೆ ಬದಲಿಸಿದೆವು.
"ಮಕ್ಕಳಾದರೆ ತೊಂದರೆಯಿಲ್ಲ, ನಾಯಿ ಆಗುವುದಿಲ್ಲ."
ಮಕ್ಕಳಾಗಲಿಲ್ಲ. ಅದನ್ನಿಲ್ಲಿ ಹೆಚ್ಚು ಬರೆಯುವುದಿಲ್ಲ.
ಕೊನೆಗೆ ಸಿಕ್ಕಿದ್ದು ಇಂದ್ರಾಳಿಯಲ್ಲಿ,
ಹಳಿಯ ಪಕ್ಕ ಮೂರೂವರೆ ಸೆಂಟ್ಸ್.
ಎಷ್ಟು ಬೊಗಳಿದರೂ ರೈಲು ದೂರು ಕೊಡುವುದಿಲ್ಲ.
ಕರಿಗಾರೆ ನೆಲ, ಉಗುರಿನ ಗೀರು ಕಾಣದಿರಲೆಂದು.
ಚಿಲಕ ಎತ್ತರದಲ್ಲಿ, ಕಾಳನಿಗೆ ತೆಗೆಯಲು ಗೊತ್ತಿತ್ತು.
ಮಂಚ ಗಿಡ್ಡ, ಮೂರು ಕಾಲಿಗೆ ಎಟಕಬೇಕಲ್ಲ.
ನೆಂಟರು ನಿಂತೇ ಮಾತಾಡಿ ಹೋಗುತ್ತಾರೆ,
ಕುರ್ಚಿಯಲ್ಲಿ ಮಲಗಿದವರು ಏಳುವುದಿಲ್ಲ.
ಹಿತ್ತಿಲ ಬಿಂಬುಳಿಯ ಬುಡದಲ್ಲಿ ಏಳು ಮಂದಿ,
ಕಾಳನೇ ಮೊದಲು.
ಕಾಯಿ ವಿಪರೀತ. ಬೀದಿಗೆಲ್ಲ ಹಂಚಿದರೂ ಮುಗಿಯುವುದಿಲ್ಲ.
ಉಪ್ಪಿನಕಾಯಿ ಹಾಕುವ ದಿನ ಮಾತ್ರ
ವಿಶ್ವನಾಥ ಅಡುಗೆಮನೆಗೆ ಬರುವುದಿಲ್ಲ.

ಈಗ ಹಣವೆಲ್ಲ ಮೊಬೈಲಿನಲ್ಲಿ.
ಉಳಿದ ಅರವತ್ತು ಮನೆಗೆ ಹೊಸ ಹುಡುಗ, ಅನ್ವಿತ್ ಕುಂದರ್,
ಬೆವರುತ್ತ ನನ್ನ ಹಿಂದೆ ನಡೆಯುತ್ತಿದ್ದಾನೆ.
ಬೋರ್ಡಿದ್ದಲ್ಲಿ ಹೆದರಬೇಡ, ಇಲ್ಲದಲ್ಲಿ ನೋಡಿಕೋ.
ಓಡಬೇಡ. ಕಣ್ಣಿಗೆ ಕಣ್ಣು ಕೊಡಬೇಡ.
ಮುಷ್ಟಿ ಮಡಚಿ ಕೆಳಗೆ ಹಿಡಿ, ಮೂಸಲಿ,
ಗುರುತು ಚೀಟಿ ನೋಡುವ ಹಕ್ಕು ಅದಕ್ಕೂ ಉಂಟು.
ಹೆಸರು ಕೇಳು, ಮೊದಲು ಅದರದ್ದು.
ಮನೆಯವರದ್ದು ಪುಸ್ತಕದಲ್ಲಿ ಉಂಟು.

"ಅಕ್ಕ, ಕಚ್ಚಿದರೆ?"

ಕಚ್ಚಿದರೆ ಎಂತ ಮಾರಾಯ,
ಈಗ ಐದೇ. ಅದೂ ತೋಳಿಗೆ.